ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಫ್ರೀ ಥ್ರೋ: ತೀರ್ಪುಗಾರರು ನಿಲ್ಲಬೇಕಾದ ಸ್ಥಾನಗಳ ಕುರಿತು ಮಾಹಿತಿ

ಬಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಸಲು ಅಂಕಣಕ್ಕಾಗಿ ಅರ್ಜಿ ಸಲ್ಲಿಸುವ ಸಂಘ ಸಂಸ್ಥೆಗಳು, ಶಾಲಾ ಕಾಲೇಜುಗಳ ದೈಹಿಕ ಶಿಕ್ಷಣ ಶಿಕ್ಷಕರು, ತೀರ್ಪುಗಾರರಾಗಲು ಇಚ್ಛಿಸುವ ಯುವಕ ಯುವತಿಯರು ಹಾಗೂ ಕ್ರೀಡಾಪಟುಗಳ ಪೋಷಕರ ಅನುಕೂಲಕ್ಕಾಗಿ, ಫ್ರೀ ಥ್ರೋ ಸಂದರ್ಭದಲ್ಲಿ ತೀರ್ಪುಗಾರರು ಎಲ್ಲಿ ನಿಲ್ಲಬೇಕು, ಏನನ್ನು ಗಮನಿಸಬೇಕು ಎಂಬ ವಿವರಗಳನ್ನು ಈ ಕೆಳಗೆ ನೀಡಲಾಗಿದೆ. ಇಲ್ಲಿನ ವಿವರಗಳು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟದ (ಫಿಬಾ) ಆಟದ ನಿಯಮಗಳನ್ನು ಆಧರಿಸಿವೆ. ಭಾರತದಲ್ಲಿಯೂ ಪಂದ್ಯಗಳು ಇದೇ ನಿಯಮಗಳ ಪ್ರಕಾರ ನಡೆಯುತ್ತವೆ.

1. ಈ ವಿಷಯ ಏಕೆ ಮುಖ್ಯ?

ಫ್ರೀ ಥ್ರೋ ಎಂದರೆ ಎದುರಾಳಿಗಳ ಅಡ್ಡಿಯಿಲ್ಲದೆ, ನಿಗದಿತ ರೇಖೆಯ ಹಿಂದೆ ನಿಂತು ಬುಟ್ಟಿಗೆ ಚೆಂಡನ್ನು ಎಸೆಯುವ ಅವಕಾಶ. ಯಶಸ್ವಿಯಾದ ಪ್ರತಿ ಎಸೆತಕ್ಕೆ 1 ಅಂಕ ದೊರೆಯುತ್ತದೆ. ಆಟದ ಉಳಿದ ಭಾಗದಲ್ಲಿ ಹತ್ತು ಆಟಗಾರರು ಅಂಕಣದ ತುಂಬ ಓಡಾಡುತ್ತಿರುತ್ತಾರೆ. ಫ್ರೀ ಥ್ರೋ ಸಮಯದಲ್ಲಿ ಮಾತ್ರ ಎಲ್ಲರೂ ನಿಂತಲ್ಲೇ ನಿಂತಿರುತ್ತಾರೆ. ಆದ್ದರಿಂದ ಇದು ತೀರ್ಪುಗಾರರಿಗೆ ವಿಶ್ರಾಂತಿಯ ಸಮಯವೆಂದು ನೋಡುವವರಿಗೆ ಅನಿಸಬಹುದು. ವಾಸ್ತವದಲ್ಲಿ ಸ್ಥಿತಿ ಇದಕ್ಕೆ ವ್ಯತಿರಿಕ್ತವಾಗಿದೆ. ಚೆಂಡು ಕೈಬಿಡುವ ಒಂದು ಕ್ಷಣದಲ್ಲಿ ಎಸೆತಗಾರನ ಪಾದ, ಸಾಲಿನಲ್ಲಿರುವ ಐವರ ಪಾದಗಳು, ಹಿಂದೆ ನಿಂತವರ ಚಲನೆ, ಚೆಂಡು ಸಾಗುವ ದಾರಿ, ರಿಂಗ್, ಗಡಿಯಾರ ಇವೆಲ್ಲವನ್ನೂ ಒಟ್ಟಿಗೆ ಗಮನಿಸಬೇಕಾಗುತ್ತದೆ. ಒಬ್ಬ ವ್ಯಕ್ತಿಯಿಂದ ಇದು ಸಾಧ್ಯವಿಲ್ಲ. ಆದಕಾರಣ ಕೆಲಸವನ್ನು ತೀರ್ಪುಗಾರರ ನಡುವೆ ಹಂಚಲಾಗಿದ್ದು, ಯಾರಿಗೆ ಯಾವ ಕೆಲಸ ಎಂಬುದನ್ನು ಅವರು ನಿಂತಿರುವ ಸ್ಥಾನವೇ ನಿರ್ಧರಿಸುತ್ತದೆ.

2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಫಿಬಾ ಮಹಿಳಾ ಏಷ್ಯಾ ಕಪ್‌ನ ‘ಬಿ’ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತವು ಕಜಕಸ್ತಾನವನ್ನು 75–73 ಅಂಕಗಳಿಂದ ಸೋಲಿಸಿತು. ಗೆಲುವಿನ ಅಂತರ ಕೇವಲ 2 ಅಂಕ, ಅಂದರೆ ಎರಡು ಫ್ರೀ ಥ್ರೋಗಳ ಮೌಲ್ಯ. ಇಂತಹ ಪಂದ್ಯಗಳಲ್ಲಿ ಒಂದೊಂದು ಎಸೆತದ ತೀರ್ಪೂ ಫಲಿತಾಂಶವನ್ನು ಬದಲಿಸಬಲ್ಲದು.

2. ಅಂಕಣದ ಸಂಬಂಧಪಟ್ಟ ಅಳತೆಗಳು

ತೀರ್ಪುಗಾರರ ಸ್ಥಾನವನ್ನು ಅರಿಯಲು ಮೊದಲು ಅಂಕಣದ ಗುರುತುಗಳನ್ನು ತಿಳಿದಿರಬೇಕು.

(ಅ) ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಎಲ್ಲ ರೇಖೆಗಳ ದಪ್ಪ 5 ಸೆಂಟಿಮೀಟರ್.

(ಆ) ಫ್ರೀ ಥ್ರೋ ರೇಖೆಯ ಉದ್ದ 3.6 ಮೀಟರ್. ಅಂತ್ಯರೇಖೆಯ ಒಳ ಅಂಚಿನಿಂದ ಈ ರೇಖೆಯ ದೂರದ ಅಂಚಿಗೆ 5.8 ಮೀಟರ್ ಇರತಕ್ಕದ್ದು. ಬುಟ್ಟಿಯ ಹಲಗೆಯು ಅಂತ್ಯರೇಖೆಯಿಂದ 1.2 ಮೀಟರ್ ಒಳಗೆ ಇರುವುದರಿಂದ, ಹಲಗೆಯಿಂದ ಈ ರೇಖೆಗೆ 4.6 ಮೀಟರ್ ಅಂತರ ಉಳಿಯುತ್ತದೆ. ರಿಂಗ್ ನೆಲದಿಂದ 3.05 ಮೀಟರ್ ಎತ್ತರದಲ್ಲಿರುತ್ತದೆ.

(ಇ) ಬುಟ್ಟಿಯ ಮುಂದಿನ ನಿರ್ಬಂಧಿತ ಪ್ರದೇಶವು 4.9 ಮೀಟರ್ ಅಗಲದ ಆಯತ. 2010ಕ್ಕೆ ಮುಂಚೆ ಫಿಬಾ ನಿಯಮದಂತೆ ಇದು ಬುಟ್ಟಿಯ ಕಡೆ ಅಗಲವಾಗುತ್ತಾ ಹೋಗುವ ಆಕಾರದಲ್ಲಿತ್ತು. ಅದೇ ವರ್ಷ ಮೂರು ಅಂಕದ ರೇಖೆಯ ದೂರವನ್ನು 6.25 ಮೀಟರ್‌ನಿಂದ 6.75 ಮೀಟರ್‌ಗೆ ಹೆಚ್ಚಿಸಲಾಯಿತು.

(ಈ) ನಿರ್ಬಂಧಿತ ಪ್ರದೇಶದ ಎರಡೂ ಬದಿಯ ರೇಖೆಗಳ ಹೊರಗೆ ಆಟಗಾರರು ನಿಲ್ಲುವ ಸ್ಥಳಗಳನ್ನು ಗುರುತಿಸಲಾಗುತ್ತದೆ. ಅಂತ್ಯರೇಖೆಯಿಂದ 1.75 ಮೀಟರ್ ಬಿಟ್ಟು ಮೊದಲನೆಯ ಸ್ಥಳ (0.85 ಮೀಟರ್), ನಂತರ ಯಾರೂ ನಿಲ್ಲಬಾರದ ತಟಸ್ಥ ವಲಯ (0.40 ಮೀಟರ್), ತದನಂತರ ಎರಡನೆಯ ಮತ್ತು ಮೂರನೆಯ ಸ್ಥಳಗಳು (ತಲಾ 0.85 ಮೀಟರ್). ಈ ಸ್ಥಳಗಳ ಆಳ 1 ಮೀಟರ್ ಎಂದು ಪರಿಗಣಿಸಲಾಗುತ್ತದೆ.

3. ಆಟಗಾರರು ನಿಲ್ಲುವ ಕ್ರಮ

ಸಾಲಿನ ಸ್ಥಳಗಳಲ್ಲಿ ಗರಿಷ್ಠ ಐದು ಆಟಗಾರರು ಮಾತ್ರ ನಿಲ್ಲಬಹುದು. ಇವರಲ್ಲಿ ಮೂವರು ರಕ್ಷಣಾ ತಂಡದವರು, ಇಬ್ಬರು ಎಸೆತಗಾರನ ತಂಡದವರು. ಬುಟ್ಟಿಗೆ ಹತ್ತಿರದ ಮೊದಲನೆಯ ಸ್ಥಳ ಎರಡೂ ಬದಿಯಲ್ಲಿ ರಕ್ಷಣಾ ತಂಡಕ್ಕೆ ಸೇರಿದ್ದು. ಎರಡನೆಯ ಸ್ಥಳ ಎರಡೂ ಬದಿಯಲ್ಲಿ ಎಸೆತಗಾರನ ತಂಡಕ್ಕೆ ಸೇರಿದ್ದು. ಮೂರನೆಯ ಸ್ಥಳದಲ್ಲಿ, ಯಾವುದಾದರೂ ಒಂದು ಬದಿಯಲ್ಲಿ, ರಕ್ಷಣಾ ತಂಡದ ಒಬ್ಬರು ನಿಲ್ಲಬಹುದು. ತಮಗೆ ಹಕ್ಕಿಲ್ಲದ ಸ್ಥಳದಲ್ಲಿ ಯಾರೂ ನಿಲ್ಲತಕ್ಕದ್ದಲ್ಲ. ಸಾಲಿನಲ್ಲಿ ಇಲ್ಲದ ಉಳಿದ ಆಟಗಾರರು ಫ್ರೀ ಥ್ರೋ ಮುಗಿಯುವವರೆಗೆ ಫ್ರೀ ಥ್ರೋ ರೇಖೆಯ ನೇರಕ್ಕೂ, ಮೂರು ಅಂಕದ ರೇಖೆಗೂ ಹಿಂದೆ ಇರಬೇಕು.

ಎಸೆತಗಾರನು ರೇಖೆಯ ಹಿಂದೆ, ಅರ್ಧವೃತ್ತದ ಒಳಗೆ ನಿಂತು, ಚೆಂಡು ಕೈಗೆ ಬಂದ 5 ಸೆಕೆಂಡುಗಳೊಳಗೆ ಎಸೆಯಬೇಕು. ಎಸೆಯುವಂತೆ ನಟಿಸಿ ತಡೆಯುವಂತಿಲ್ಲ. ಚೆಂಡು ರಿಂಗ್ ಮುಟ್ಟುವವರೆಗೆ ಅಥವಾ ಬುಟ್ಟಿಯೊಳಗೆ ಹೋಗುವವರೆಗೆ ಆತನು ರೇಖೆಯನ್ನು ತುಳಿಯುವಂತಿಲ್ಲ. ಸಾಲಿನಲ್ಲಿರುವವರಾದರೋ ಚೆಂಡು ಎಸೆತಗಾರನ ಕೈಬಿಡುವವರೆಗೆ ಮಾತ್ರ ತಮ್ಮ ಸ್ಥಳದಲ್ಲಿದ್ದರೆ ಸಾಕು. ಎಸೆತಗಾರನಿಗೆ ಒಂದು ಗಡುವು, ಸಾಲಿನವರಿಗೆ ಮತ್ತೊಂದು ಗಡುವು ಇರುವುದನ್ನು ಓದುಗರು ಗಮನಿಸಬೇಕು. ಗ್ಯಾಲರಿಯಲ್ಲಿ ಏಳುವ ಬಹುಪಾಲು ಆಕ್ಷೇಪಗಳಿಗೆ ಈ ವ್ಯತ್ಯಾಸ ತಿಳಿಯದಿರುವುದೇ ಕಾರಣ.

4. ಇಬ್ಬರು ತೀರ್ಪುಗಾರರಿರುವ ಪಂದ್ಯದಲ್ಲಿ ಸ್ಥಾನಗಳು

ತಾಲ್ಲೂಕು, ಜಿಲ್ಲಾ ಮಟ್ಟದ ಹಾಗೂ ಶಾಲಾ ಕಾಲೇಜುಗಳ ಪಂದ್ಯಗಳಲ್ಲಿ ಸಾಮಾನ್ಯವಾಗಿ ಇಬ್ಬರು ತೀರ್ಪುಗಾರರಿರುತ್ತಾರೆ. ಇವರಲ್ಲಿ ಬುಟ್ಟಿಯ ಕಡೆ ಇರುವವರನ್ನು ‘ಲೀಡ್’ ಎಂದೂ, ಆಟದ ಹಿಂಬದಿಯಲ್ಲಿರುವವರನ್ನು ‘ಟ್ರೇಲ್’ ಎಂದೂ ಕರೆಯಲಾಗುತ್ತದೆ.

ಲೀಡ್ ತೀರ್ಪುಗಾರರ ಕರ್ತವ್ಯಗಳು:

(ಅ) ಚೆಂಡಿನೊಂದಿಗೆ ನಿರ್ಬಂಧಿತ ಪ್ರದೇಶದೊಳಗೆ ಬಂದು, ಎಸೆಯಬೇಕಾದ ಆಟಗಾರ ಅವರೇ ಎಂದು ಅಂಗಿಯ ಸಂಖ್ಯೆ ನೋಡಿ ಖಚಿತಪಡಿಸಿಕೊಳ್ಳುವುದು. ಎಷ್ಟು ಎಸೆತಗಳೆಂಬುದನ್ನು ಬೆರಳಿನ ಸಂಜ್ಞೆಯಿಂದ ತೋರಿಸುವುದು.

(ಆ) ಚೆಂಡನ್ನು ನೆಲಕ್ಕೆ ಪುಟಿಸಿ ಎಸೆತಗಾರನಿಗೆ ನೀಡಿ, ಅಂತ್ಯರೇಖೆಯ ಹೊರಗೆ ಹಿಂದೆ ಸರಿಯುವುದು. ಬುಟ್ಟಿಯ ನೇರ ಕೆಳಗೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲುವುದು.

(ಇ) ತಮ್ಮ ಎದುರು ಬದಿಯ ಸಾಲಿನಲ್ಲಿರುವ ಆಟಗಾರರನ್ನು ಗಮನಿಸುವುದು. ಚೆಂಡು ಗಾಳಿಯಲ್ಲಿರುವಾಗ ಅದರ ಹಿಂದೆ ದೃಷ್ಟಿ ಹರಿಸದಿರುವುದು.

ಟ್ರೇಲ್ ತೀರ್ಪುಗಾರರ ಕರ್ತವ್ಯಗಳು:

(ಅ) ಫ್ರೀ ಥ್ರೋ ರೇಖೆಯ ನೇರದಲ್ಲಿ, ಎಸೆತಗಾರನ ಪಕ್ಕದಿಂದ ದೂರಕ್ಕೆ, ಮೂರು ಅಂಕದ ರೇಖೆಯ ಬಳಿ ನಿಲ್ಲುವುದು. ಲೀಡ್ ಒಂದು ಬದಿಯಲ್ಲಿದ್ದರೆ ಟ್ರೇಲ್ ಮತ್ತೊಂದು ಬದಿಯಲ್ಲಿದ್ದು, ಇಬ್ಬರೂ ಓರೆಯಾಗಿ ಎದುರುಬದುರಾಗಿರುವುದು.

(ಆ) ಕೈಯ ಸಂಜ್ಞೆಯೊಂದಿಗೆ 5 ಸೆಕೆಂಡುಗಳನ್ನು ಎಣಿಸುವುದು.

(ಇ) ಎಸೆತಗಾರನ ಪಾದ, ಚೆಂಡಿನ ಚಲನೆ, ರಿಂಗ್ ಮತ್ತು ತಮ್ಮ ಎದುರು ಬದಿಯ ಸಾಲನ್ನು ಗಮನಿಸುವುದು. ಹಿಂದೆ ನಿಂತಿರುವ ಆಟಗಾರರ ಮೇಲೂ ನಿಗಾ ಇಡುವುದು.

(ಈ) ಕೊನೆಯ ಎಸೆತ ವಿಫಲವಾಗಿ ಆಟ ಮುಂದುವರಿದರೆ, ಅಂಕಣದಲ್ಲಿರುವ ಯಾವುದೇ ಆಟಗಾರನಿಗೆ ಚೆಂಡು ತಾಗಿದ ಕ್ಷಣಕ್ಕೆ ಗಡಿಯಾರ ಚಾಲನೆಗೆ ಸಂಜ್ಞೆ ನೀಡುವುದು.

ಇಬ್ಬರೂ ತಮ್ಮ ಹತ್ತಿರದ ಸಾಲನ್ನು ಬಿಟ್ಟು ಎದುರಿನ ಸಾಲನ್ನೇ ಏಕೆ ನೋಡಬೇಕು ಎಂಬ ಪ್ರಶ್ನೆ ಸಹಜ. ಸಾಲಿನಲ್ಲಿರುವ ಆಟಗಾರರು ಒಳಮುಖವಾಗಿ ನಿಂತಿರುತ್ತಾರೆ. ಹತ್ತಿರದಲ್ಲಿರುವವರಿಗೆ ಕಾಣುವುದು ಅವರ ಬೆನ್ನು ಮಾತ್ರ. ರೇಖೆಯನ್ನು ಅವರ ದೇಹವೇ ಮರೆಮಾಡಿರುತ್ತದೆ. ಎದುರಿನಿಂದ ನೋಡುವವರಿಗೆ ಕಾಲ್ಬೆರಳು, ರೇಖೆ ಹಾಗೂ ಅವೆರಡರ ನಡುವಿನ ಅಂತರ ಸ್ಪಷ್ಟವಾಗಿ ಕಾಣುತ್ತದೆ. ಓರೆಯಾಗಿ ನಿಲ್ಲುವ ಈ ವ್ಯವಸ್ಥೆಯಿಂದ ಎರಡೂ ಸಾಲುಗಳು ಒಬ್ಬರಲ್ಲ ಒಬ್ಬರ ಕಣ್ಣಿನಲ್ಲಿರುತ್ತವೆ.

ಕಚೇರಿಗಳಲ್ಲಿ ಹಣ ಎಣಿಸುವವರು ಒಬ್ಬರು, ಪುಸ್ತಕದಲ್ಲಿ ನಮೂದಿಸುವವರು ಮತ್ತೊಬ್ಬರು ಇರುವಂತೆಯೇ ಇಲ್ಲಿಯೂ ಕೆಲಸವನ್ನು ವಿಂಗಡಿಸಲಾಗಿದೆ. ಇಬ್ಬರೂ ಹಣವನ್ನೇ ಎಣಿಸುತ್ತಾ ಕುಳಿತರೆ ಪುಸ್ತಕ ಖಾಲಿ ಉಳಿಯುತ್ತದೆ. ಇಬ್ಬರು ತೀರ್ಪುಗಾರರೂ ಚೆಂಡನ್ನೇ ನೋಡುತ್ತಾ ನಿಂತರೆ ಸಾಲಿನಲ್ಲಿ ನಡೆದದ್ದನ್ನು ಕಂಡವರು ಯಾರೂ ಇರುವುದಿಲ್ಲ. ಚೆಂಡು ಎಲ್ಲರ ಕಣ್ಣನ್ನೂ ಸೆಳೆಯುತ್ತದೆ. ಅದನ್ನು ನೋಡದಿರುವುದೇ ಲೀಡ್ ತೀರ್ಪುಗಾರರು ಅಭ್ಯಾಸದಿಂದ ಗಳಿಸಬೇಕಾದ ಶಿಸ್ತು.

5. ಮೂವರು ತೀರ್ಪುಗಾರರಿರುವ ಪಂದ್ಯದಲ್ಲಿ

ಮೂವರು ತೀರ್ಪುಗಾರರಿರುವ ಪಂದ್ಯಗಳಲ್ಲಿ ಮೂರನೆಯವರನ್ನು ‘ಸೆಂಟರ್’ ಎನ್ನಲಾಗುತ್ತದೆ. ಲೀಡ್ ಎಂದಿನಂತೆ ಚೆಂಡು ನೀಡಿ ಅಂತ್ಯರೇಖೆಯ ಹೊರಗೆ ನಿಲ್ಲುತ್ತಾರೆ. ಸೆಂಟರ್ ಅವರು ಲೀಡ್‌ನ ವಿರುದ್ಧ ಬದಿಯಲ್ಲಿ, ಫ್ರೀ ಥ್ರೋ ರೇಖೆಯ ನೇರದಲ್ಲಿ ನಿಂತು, ಸೆಕೆಂಡುಗಳ ಎಣಿಕೆ, ಎಸೆತಗಾರ ಹಾಗೂ ತಮ್ಮ ಎದುರಿನ ಸಾಲಿನ ಹೊಣೆ ಹೊರುತ್ತಾರೆ. ಟ್ರೇಲ್ ಅವರು ಮೂರು ಅಂಕದ ರೇಖೆಯಿಂದ ಹಿಂದೆ ನಿಂತು, ಸಾಲಿನಲ್ಲಿ ಇಲ್ಲದ ಆಟಗಾರರನ್ನೂ ಸ್ಕೋರರ್ ಮೇಜಿನ ಕಡೆಯ ಕೋರಿಕೆಗಳನ್ನೂ ಗಮನಿಸುತ್ತಾರೆ. ಇಬ್ಬರಿದ್ದಾಗ ಟ್ರೇಲ್ ಒಬ್ಬರೇ ಹೊರುತ್ತಿದ್ದ ಹೊರೆ ಇಲ್ಲಿ ಇಬ್ಬರ ನಡುವೆ ಹಂಚಿಕೆಯಾಗುತ್ತದೆ.

6. ಉಲ್ಲಂಘನೆ ಮತ್ತು ಪರಿಣಾಮ

(ಅ) ಎಸೆತಗಾರನೇ ಉಲ್ಲಂಘಿಸಿದರೆ: ಚೆಂಡು ಬುಟ್ಟಿಯೊಳಗೆ ಹೋದರೂ ಅಂಕವಿಲ್ಲ. ಮುಂದೆ ಮತ್ತೊಂದು ಎಸೆತ ಬಾಕಿ ಇಲ್ಲದಿದ್ದಲ್ಲಿ, ಫ್ರೀ ಥ್ರೋ ರೇಖೆಯ ನೇರದ ಪಾರ್ಶ್ವದಿಂದ ಚೆಂಡು ಎದುರಾಳಿ ತಂಡಕ್ಕೆ ಸೇರುತ್ತದೆ.

(ಆ) ಎಸೆತ ಯಶಸ್ವಿಯಾಗಿ, ಬೇರೆ ಆಟಗಾರರು ಉಲ್ಲಂಘಿಸಿದ್ದರೆ: ಅಂಕ ಮಾನ್ಯವಾಗುತ್ತದೆ. ಉಲ್ಲಂಘನೆಯನ್ನು ಪರಿಗಣಿಸಲಾಗುವುದಿಲ್ಲ.

(ಇ) ಕೊನೆಯ ಎಸೆತ ವಿಫಲವಾಗಿ, ಎದುರಾಳಿ ತಂಡದವರು ಉಲ್ಲಂಘಿಸಿದ್ದರೆ: ಎಸೆತಗಾರನಿಗೆ ಬದಲಿ ಎಸೆತ ನೀಡಲಾಗುತ್ತದೆ.

(ಈ) ಕೊನೆಯ ಎಸೆತ ವಿಫಲವಾಗಿ, ಎಸೆತಗಾರನ ತಂಡದ ಇತರರು ಉಲ್ಲಂಘಿಸಿದ್ದರೆ: ಚೆಂಡು ಎದುರಾಳಿ ತಂಡಕ್ಕೆ ಸೇರುತ್ತದೆ.

(ಉ) ಕೊನೆಯ ಎಸೆತ ವಿಫಲವಾಗಿ, ಎರಡೂ ತಂಡದವರು ಉಲ್ಲಂಘಿಸಿದ್ದರೆ: ಜಂಪ್ ಬಾಲ್ ಸಂದರ್ಭವೆಂದು ಪರಿಗಣಿಸಿ, ಮೇಜಿನ ಮೇಲಿನ ಬಾಣದ ಗುರುತು ಸೂಚಿಸುವ ತಂಡಕ್ಕೆ ಚೆಂಡು ನೀಡಲಾಗುತ್ತದೆ.

ಉದಾಹರಣೆಗೆ, ಅಂಕಗಳು 60–60 ಸಮನಾಗಿದ್ದು, ಕೊನೆಯ ಕ್ಷಣದಲ್ಲಿ ಒಂದು ತಂಡಕ್ಕೆ ಕೊನೆಯ ಫ್ರೀ ಥ್ರೋ ಇದೆ ಎಂದಿಟ್ಟುಕೊಳ್ಳಿ. ಎಸೆತ ಗುರಿ ತಪ್ಪುತ್ತದೆ. ಚೆಂಡು ಕೈಬಿಡುವ ಮುನ್ನವೇ ರಕ್ಷಣಾ ತಂಡದ ಒಬ್ಬರು ಒಂದು ಹೆಜ್ಜೆ ಒಳಗಿಟ್ಟಿದ್ದಾರೆ. ಎದುರಿನ ತೀರ್ಪುಗಾರರು ಅದನ್ನು ಕಂಡಿದ್ದರೆ ಬದಲಿ ಎಸೆತ, ಗೆಲ್ಲಲು ಮತ್ತೊಂದು ಅವಕಾಶ. ಅವರು ಚೆಂಡನ್ನು ನೋಡುತ್ತಿದ್ದರೆ ಆ ಅವಕಾಶ ಇಲ್ಲ. ನಿಯಮ ಎರಡೂ ಸಂದರ್ಭದಲ್ಲಿ ಒಂದೇ. ಫಲಿತಾಂಶವನ್ನು ಬದಲಿಸಿದ್ದು ತೀರ್ಪುಗಾರರ ದೃಷ್ಟಿ ಎತ್ತ ಇತ್ತು ಎಂಬುದು.

7. ಸ್ಕೋರರ್ ಮೇಜು: 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಪಾಠ

ಫ್ರೀ ಥ್ರೋ ಸಮಯದಲ್ಲಿ ತೀರ್ಪುಗಾರರ ಗಮನ ಬೇರೆಡೆ ಹರಿದರೆ ಏನಾಗಬಹುದು ಎಂಬುದಕ್ಕೆ 1972ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ನಡೆದ ಒಲಿಂಪಿಕ್ ಪುರುಷರ ಅಂತಿಮ ಪಂದ್ಯ ಪ್ರಸಿದ್ಧ ನಿದರ್ಶನ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಿನ ಆ ಪಂದ್ಯದಲ್ಲಿ 3 ಸೆಕೆಂಡು ಬಾಕಿ ಇರುವಾಗ ಅಮೆರಿಕದ ಡಗ್ ಕಾಲಿನ್ಸ್ ಅವರಿಗೆ ಎರಡು ಫ್ರೀ ಥ್ರೋಗಳು ದೊರೆತವು. ಮೊದಲನೆಯದು ಯಶಸ್ವಿಯಾಗಿ ಅಂಕ 49–49 ಆಯಿತು. ಎರಡನೆಯ ಎಸೆತಕ್ಕೆ ಅವರು ಸಿದ್ಧರಾಗಿ ಚೆಂಡೆತ್ತುವ ಹೊತ್ತಿಗೆ ಮೇಜಿನಿಂದ ಹಾರ್ನ್ ಮೊಳಗಿತು. ಬ್ರೆಜಿಲ್‌ನ ತೀರ್ಪುಗಾರ ರೆನಾಟೊ ರಿಗೆಟ್ಟೊ ಮೇಜಿನ ಕಡೆ ತಿರುಗಿದರು. ಎಸೆತ ನಿಲ್ಲಲಿಲ್ಲ, ಕಾಲಿನ್ಸ್ ಎಸೆದ ಚೆಂಡು ಬುಟ್ಟಿಯೊಳಗೆ ಹೋಗಿ ಅಮೆರಿಕ 50–49ರಿಂದ ಮುಂದಾಯಿತು.

ತಾವು ವಿರಾಮ ಕೋರಿದ್ದೆವು ಎಂಬುದು ಸೋವಿಯತ್ ತಂಡದ ವಾದವಾಗಿತ್ತು. ತದನಂತರ ಆಟವನ್ನು ನಿಲ್ಲಿಸಿ, ಗಡಿಯಾರವನ್ನು ಮತ್ತೆ 3 ಸೆಕೆಂಡಿಗೆ ತಂದು, ಕೊನೆಯ ಕ್ಷಣಗಳನ್ನು ಪುನಃ ಆಡಿಸಲಾಯಿತು. ಅಲೆಕ್ಸಾಂಡರ್ ಬೆಲೊವ್ ಗಳಿಸಿದ ಬುಟ್ಟಿಯಿಂದ ಸೋವಿಯತ್ ಒಕ್ಕೂಟ 51–50ರಿಂದ ಗೆದ್ದಿತು. ಅಮೆರಿಕದ ಆಟಗಾರರು ಬೆಳ್ಳಿ ಪದಕ ಸ್ವೀಕರಿಸಲು ನಿರಾಕರಿಸಿದರು.

ಈ ವಿವಾದಕ್ಕೆ ಅನೇಕ ಮುಖಗಳಿವೆ. ಇಲ್ಲಿ ಗಮನಿಸಬೇಕಾದ ಅಂಶ ಒಂದೇ: ಮೇಜಿನ ವ್ಯವಹಾರವೆಲ್ಲವೂ ಚೆಂಡು ಎಸೆತಗಾರನ ಕೈ ಸೇರುವ ಮೊದಲೇ ಮುಗಿದಿರಬೇಕು. ಈಗಿನ ನಿಯಮದಂತೆ, ಮೊದಲ ಅಥವಾ ಏಕೈಕ ಫ್ರೀ ಥ್ರೋಗಾಗಿ ಚೆಂಡು ಎಸೆತಗಾರನ ವಶವಾದ ನಂತರ ವಿರಾಮದ ಅವಕಾಶ ಮುಗಿಯುತ್ತದೆ. ಆ ಬಳಿಕ ಬಂದ ಕೋರಿಕೆಗಾಗಿ ಎಸೆತಗಳ ನಡುವೆ ಹಾರ್ನ್ ಮಾಡತಕ್ಕದ್ದಲ್ಲ. ಕೊನೆಯ ಎಸೆತ ಯಶಸ್ವಿಯಾದರೆ ಅವಕಾಶ ಮತ್ತೆ ತೆರೆಯುತ್ತದೆ. ಆದ್ದರಿಂದ ಲೀಡ್ ತೀರ್ಪುಗಾರರು ಚೆಂಡು ನೀಡುವ ಮುನ್ನ ಸಹೋದ್ಯೋಗಿ ಸಿದ್ಧರಿರುವುದನ್ನೂ, ಮೇಜಿನಿಂದ ಕೋರಿಕೆ ಬಾಕಿ ಇಲ್ಲದಿರುವುದನ್ನೂ ಒಮ್ಮೆ ಕಣ್ಣಿಟ್ಟು ನೋಡುವುದು ಅವಶ್ಯ.

8. ಸಾಲು ಇಲ್ಲದ ಫ್ರೀ ಥ್ರೋಗಳು

ತಾಂತ್ರಿಕ ಫೌಲ್‌ಗೆ 1 ಫ್ರೀ ಥ್ರೋ ನೀಡಲಾಗುತ್ತದೆ. ಕ್ರೀಡಾಮನೋಭಾವಕ್ಕೆ ವಿರುದ್ಧವಾದ ಫೌಲ್‌ನಂತಹ ಸಂದರ್ಭಗಳಲ್ಲಿ ಫ್ರೀ ಥ್ರೋಗಳ ಜೊತೆಗೆ ಚೆಂಡೂ ಅದೇ ತಂಡಕ್ಕೆ ಸಲ್ಲುತ್ತದೆ. ಇಂತಹ ಎಸೆತಗಳಲ್ಲಿ ಎಸೆತದ ನಂತರ ಚೆಂಡಿಗಾಗಿ ಪೈಪೋಟಿ ಇರುವುದಿಲ್ಲವಾದ್ದರಿಂದ ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ. ಎಲ್ಲರೂ ಫ್ರೀ ಥ್ರೋ ರೇಖೆಯ ನೇರಕ್ಕೂ ಮೂರು ಅಂಕದ ರೇಖೆಗೂ ಹಿಂದೆ ಇರುತ್ತಾರೆ. ಆಗ ತೀರ್ಪುಗಾರರ ಗಮನ ಮುಖ್ಯವಾಗಿ ಎಸೆತಗಾರನ ಮೇಲೂ ಹಿಂದಿರುವ ಆಟಗಾರರ ಮೇಲೂ ಇರಬೇಕು. ಇಂತಹ ಫೌಲ್‌ಗಳ ನಂತರ ಆಟಗಾರರ ನಡುವೆ ಮಾತಿಗೆ ಮಾತು ಬೆಳೆಯುವ ಸಾಧ್ಯತೆ ಹೆಚ್ಚಿರುವುದನ್ನು ಮರೆಯಬಾರದು.

9. ಪಂದ್ಯಾವಳಿ ಆಯೋಜಕರು ಗಮನಿಸಬೇಕಾದ ಅಂಶಗಳು

ತೀರ್ಪುಗಾರರು ಸರಿಯಾದ ಸ್ಥಾನದಲ್ಲಿ ನಿಲ್ಲಬೇಕಾದರೆ ಆ ಸ್ಥಾನ ಖಾಲಿಯಾಗಿರಬೇಕು. ಆದ್ದರಿಂದ ಆಯೋಜಕರು ಪಂದ್ಯದ ದಿನಕ್ಕೆ ಮುಂಚಿತವಾಗಿ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

(ಅ) ಅಂಕಣದ ಗಡಿರೇಖೆಗಳ ಹೊರಗೆ ಕನಿಷ್ಠ 2 ಮೀಟರ್ ಜಾಗ ಅಡೆತಡೆಯಿಲ್ಲದೆ ಇರಬೇಕು. ಬುಟ್ಟಿಯ ಹಿಂದೆ ಪ್ರೇಕ್ಷಕರನ್ನು, ಛಾಯಾಗ್ರಾಹಕರನ್ನು ಅಥವಾ ಬದಲಿ ಆಟಗಾರರನ್ನು ಕೂರಿಸಬಾರದು. ಲೀಡ್ ತೀರ್ಪುಗಾರರು ಹಿಂದೆ ಸರಿಯುವುದು ಅದೇ ಜಾಗಕ್ಕೆ.

(ಆ) ಸಾಲಿನ ಸ್ಥಳಗಳ ಗುರುತು ಹಾಗೂ ತಟಸ್ಥ ವಲಯ ಸ್ಪಷ್ಟವಾಗಿ ಕಾಣುವಂತಿರಬೇಕು. ಬಯಲು ಅಂಕಣಗಳಲ್ಲಿ ಮಳೆ, ಬಿಸಿಲಿಗೆ ಬಣ್ಣ ಮಾಸಿದ್ದಲ್ಲಿ ಪುನಃ ಬಳಿಸಬೇಕು. ಗುರುತೇ ಇಲ್ಲದ ಸ್ಥಳದಲ್ಲಿ ಉಲ್ಲಂಘನೆಯನ್ನು ನಿರ್ಣಯಿಸುವುದು ಕಷ್ಟ.

(ಇ) 2010ಕ್ಕೆ ಹಿಂದಿನ ಆಕಾರದ ನಿರ್ಬಂಧಿತ ಪ್ರದೇಶದ ಗುರುತು ಹಳೆಯ ಅಂಕಣಗಳಲ್ಲಿ ಉಳಿದಿದ್ದರೆ ಅದನ್ನು ಅಳಿಸಿ, ಈಗಿನ ಅಳತೆಯಂತೆ ಬರೆಸಬೇಕು. ಎರಡೂ ಗುರುತುಗಳು ಒಟ್ಟಿಗಿದ್ದರೆ ಆಟಗಾರರಿಗೂ ತೀರ್ಪುಗಾರರಿಗೂ ಗೊಂದಲವಾಗುತ್ತದೆ.

(ಈ) ಸ್ಕೋರರ್ ಮೇಜು ಅಂಕಣದ ಮಧ್ಯಭಾಗಕ್ಕೆ ಎದುರಾಗಿ, ತೀರ್ಪುಗಾರರಿಗೆ ಕಾಣುವಂತಿರಬೇಕು. ಮೇಜಿನಲ್ಲಿ ಕೂರುವವರಿಗೆ ವಿರಾಮ ಹಾಗೂ ಬದಲಾವಣೆಯ ನಿಯಮಗಳನ್ನು ಮೊದಲೇ ತಿಳಿಸಿರಬೇಕು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬುಟ್ಟಿಯ ಕೆಳಗೇ ನಿಂತಿದ್ದ ತೀರ್ಪುಗಾರರು ಪಕ್ಕದ ಆಟಗಾರನ ಹೆಜ್ಜೆಯನ್ನು ಏಕೆ ಹಿಡಿಯಲಿಲ್ಲ?
ಉತ್ತರ: ಅವರ ಹೊಣೆ ಎದುರು ಬದಿಯ ಸಾಲು. ಪಕ್ಕದ ಸಾಲು ಸಹೋದ್ಯೋಗಿಯ ಹೊಣೆಯಲ್ಲಿರುತ್ತದೆ.

ಪ್ರಶ್ನೆ: ಎದುರಾಳಿ ಆಟಗಾರ ಬೇಗನೆ ಒಳಗೆ ಬಂದದ್ದು ಎಲ್ಲರಿಗೂ ಕಂಡಿತು. ಆದರೂ ಸೀಟಿ ಊದಿ ಆಟ ನಿಲ್ಲಿಸಲಿಲ್ಲವೇಕೆ?
ಉತ್ತರ: ಎಸೆತ ಯಶಸ್ವಿಯಾದರೆ ಅಂಕ ನೀಡಲಾಗುತ್ತದೆ, ಉಲ್ಲಂಘನೆಯನ್ನು ಬಿಡಲಾಗುತ್ತದೆ. ಎಸೆತದ ಫಲ ತಿಳಿದ ಮೇಲೆಯೇ ತೀರ್ಮಾನ.

ಪ್ರಶ್ನೆ: ತಪ್ಪು ಆಟಗಾರ ಫ್ರೀ ಥ್ರೋ ಎಸೆದುಬಿಟ್ಟರೆ?
ಉತ್ತರ: ಇದು ಸರಿಪಡಿಸಬಹುದಾದ ಲೋಪಗಳ ಪಟ್ಟಿಯಲ್ಲಿದೆ. ನಿಗದಿತ ಅವಧಿಯೊಳಗೆ ಗಮನಕ್ಕೆ ಬಂದಲ್ಲಿ ಆ ಎಸೆತಗಳನ್ನು ರದ್ದುಪಡಿಸಲಾಗುತ್ತದೆ. ಅವಧಿ ಮೀರಿದರೆ ಸರಿಪಡಿಸಲಾಗದು. ಚೆಂಡು ನೀಡುವ ಮುನ್ನವೇ ಸಂಖ್ಯೆ ಪರಿಶೀಲಿಸುವುದು ಈ ಕಾರಣಕ್ಕಾಗಿ.

ಪ್ರಶ್ನೆ: ಹೊಸದಾಗಿ ತೀರ್ಪುಗಾರರಾಗುವವರು ಯಾವುದನ್ನು ಮೊದಲು ಅಭ್ಯಸಿಸಬೇಕು?
ಉತ್ತರ: ಅಭ್ಯಾಸ ಪಂದ್ಯಗಳಲ್ಲಿ ಲೀಡ್ ಸ್ಥಾನದಲ್ಲಿ ನಿಂತು, ಚೆಂಡು ಬುಟ್ಟಿಯೊಳಗೆ ಹೋಯಿತೇ ಇಲ್ಲವೇ ಎಂಬುದನ್ನು ನೋಡದೆ, ಎದುರಿನ ಸಾಲಿನ ಪಾದಗಳನ್ನು ಮಾತ್ರ ನೋಡುವುದನ್ನು ರೂಢಿಸಿಕೊಳ್ಳಬೇಕು. ಚೆಂಡಿನ ಫಲವನ್ನು ಸಹೋದ್ಯೋಗಿ ತಿಳಿಸುತ್ತಾರೆ. ಸಾಲಿನಲ್ಲಿ ನಡೆದದ್ದನ್ನು ತಿಳಿಸಬೇಕಾದವರು ಲೀಡ್ ತೀರ್ಪುಗಾರರು.

ಫಿಬಾ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತವೆ. ಆದ್ದರಿಂದ ಪಂದ್ಯಾವಳಿ ಆಯೋಜಿಸುವವರು ಜಾರಿಯಲ್ಲಿರುವ ನಿಯಮಪುಸ್ತಕದ ಪ್ರತಿಯೊಂದನ್ನು ಸ್ಕೋರರ್ ಮೇಜಿನಲ್ಲಿ ಇರಿಸಿಕೊಳ್ಳುವುದು ಹಾಗೂ ಪಂದ್ಯಕ್ಕೆ ಮುನ್ನ ತೀರ್ಪುಗಾರರು, ಮೇಜಿನ ಸಿಬ್ಬಂದಿ ಮತ್ತು ತಂಡಗಳ ತರಬೇತುದಾರರ ಕಿರು ಸಭೆ ನಡೆಸಿ ಮೇಲ್ಕಂಡ ಅಂಶಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಸೂಕ್ತ.